ಸೂರ್ಯ ಇರೋ ತನಕ ಮಾತು ಬಂದ್

ಸೂರ್ಯ ಸಾಯುತ್ತಾನೆಂಬ ಸುದ್ದಿ ಕೇಳಿ ಸಂತೋಷಪಟ್ಟ ಮನುಷ್ಯ ಇಡೀ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಓದಿ ನೀವು ನನ್ನನ್ನು ಕೆಟ್ಟವನೆಂದು ತಿಳಿದರೆ ತಿಳಿಯಿರಿ, ಅದರ ಗೊಡವೆ ನನಗಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ತಿಳಿಯಿರಿ.

ನನ್ನ ಹೆಸರು ಅಣವೀರಪ್ಪ. ಇಂಡಿ ತಾಲೂಕಿನವನು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಅದರ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯ ದಿನ ಮಾಸ್ತರರ ಜೊತೆ ಜಗಳವಾದ್ದರಿಂದ ಪರೀಕ್ಷೆಗೆ ಕೂಡಲಿಲ್ಲ. ಭಾಂಡುಪಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರಖಾನೆಯಿದೆ. ಅಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು ನನ್ನ ಕೆಲಸ. ಬೆಳಿಗ್ಗೆ ಏಳರಿಂದ ಮೂರರ ತನಕ ನಾನು, ಮೂರರಿಂದ ಹನ್ನೊಂದರ ತನಕ ನಿಂಗಣ್ಣ. ಈ ನಿಂಗಣ್ಣ ನಮ್ಮೂರವನೇ. ಇಬ್ಬರೂ ಒಂದೇ ಗಾಡಿಯಲ್ಲಿ, ಇಬ್ಬರೂ ಟಿಕೀಟಿಲ್ಲದೆ ಈ ಊರಿಗೆ ಬಂದವರು. ಒಂದೇ ಚಾಳಿನಲ್ಲಿ ಎದುರುಬದುರಿನ ಖೋಲಿಗಳಲ್ಲಿ ಇರುವವರು. ಹನ್ನೊಂದು ವರ್ಷದಿಂದ ಒಂದು ಮಾತೂ ಆಡದವರು.

ಕಾರಣ ಹೇಳುತ್ತೇನೆ. ಅರವತ್ತೇಳನೆಯ ಇಸವಿಯ ಮೇ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನ ರೊಟ್ಟಿ ಉಂಡು, ಸಲಿಕೆಗೆ ಬೆನ್ನು ಕೊಟ್ಟು ಕುಳಿತವನಿಗೆ ಕಣ್ಣು ಹತ್ತಿತು. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಎಚ್ಚರವಾದಾಗ ಮೂರು ಹೊಡೆದಿತ್ತು. ಉಗಿಯ ಒತ್ತಡ ತೋರಿಸುವ ಮುಳ್ಳು ತಳಕ್ಕೆ ಬಿದ್ದಿತ್ತು. ಮೇಲಿನ ಮಾಳಿಗೆಯಲ್ಲಿ ನೀಲಿಯಾಗಬೇಕಿದ್ದ ಬಟ್ಟೆಯೆಲ್ಲ ಅರ್ಧ ನೀಲಿಯಾಗಿ ನಿಂತಿತ್ತು. ನಿಂಗಣ್ಣ ಬಾಯ್ಲರಿನ ಬಾಗಿಲು ತೆರೆದು ಒಳಗೆ ಕೆದಕುತ್ತಿದ್ದ, ಪಕ್ಕದಲ್ಲಿ ಸುಪರವೈಜರ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ನನ್ನನ್ನು ಮೂರು ದಿನ ಹೊರಗೆ ಹಾಕಿದರು. ಹಾಕುವಾಗ ಸುಪರವೈಜರ್ ಒಂದೇ ಮಾತು ಅಂದ: "ನಿಂಗಣ್ಣಾನೆ ಸಗಳಂ ಸಾಂಗಿತಲಂ." ನಿಂಗಣ್ಣ ಎಲ್ಲ ಹೇಳಿದ್ದಾನೆ.

ಬೆಂಕಿಯ ಕೆಲಸದವನಿಗೆ ಬೆಂಕಿ ಆರಿಸಿದ ಅನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅದನ್ನು ಊರಿನವನೇ ಹೇಳಿದರೆ? ಮರುದಿನ ಬೆಳಿಗ್ಗೆ ನಳದ ಮುಂದೆ, ಇಪ್ಪತ್ತು ಕೊಡಗಳ ಸಾಲಿನ ಎದುರು, ಪೂರ್ವಕ್ಕೆ ಕೈ ಎತ್ತಿ ಆಣೆ ಮಾಡಿದೆ.

"ಆ ಸೂರ್ಯ ಇರೋ ತನಕ ನಿನ್ನ ಕೂಡ ಮಾತಾಡಿದರ ನಾ ನಮ್ಮಪ್ಪಗ ಹುಟ್ಟಿದವನಲ್ಲ."

ನಿಂಗಣ್ಣ ಏನೋ ಹೇಳಲು ಬಾಯಿ ತೆರೆದ. ನಾನು ಕೊಡ ಎತ್ತಿ ಕುಕ್ಕಿದೆ. ಅವನಿಗೂ ಸಿಟ್ಟು ಬಂತು. "ನಂದೂ ಅಷ್ಟಽ ತಿಳಕೋ," ಅಂದ. ಕೊಡಕ್ಕೆ ತಗ್ಗು ಬಿತ್ತು, ಮಾತು ನಿಂತಿತು.

ಊರಲ್ಲಾದರೆ ಆಣೆ ಮಾಡಿದ ಇಬ್ಬರು ಬೇರೆ ಬೇರೆ ಓಣಿಯಲ್ಲಿ ಓಡಾಡಿಕೊಂಡು ಸುಖವಾಗಿರಬಹುದು. ಮುಂಬಯಿಯಲ್ಲಿ ಅಷ್ಟು ಜಾಗವಿಲ್ಲ. ನಮ್ಮ ಎರಡು ಬಾಗಿಲುಗಳ ನಡುವೆ ಐದು ಹೆಜ್ಜೆ. ನನ್ನ ಹೆಂಡತಿ ಮಲ್ಲಕ್ಕ, ಅವನ ಹೆಂಡತಿ ಶರಣವ್ವ ಆಣೆ ಮಾಡಿರಲಿಲ್ಲವಾದ್ದರಿಂದ ಹಿಟ್ಟು, ಖಾರ, ಗುಟ್ಟು ಎಲ್ಲ ಮೊದಲಿನಂತೆಯೇ ಓಡಾಡುತ್ತಿದ್ದವು. ಗಂಡಸರು ಮಾತ್ರ ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದೆವು. ಹನ್ನೊಂದು ದಸರೆ ಬಂದು ಹೋದವು. ಹಗೆಗಳೂ ಬನ್ನಿ ಕೊಟ್ಟು ತಬ್ಬಿಕೊಳ್ಳುವ ದಿನ ನಾನು ಜೋಗೇಶ್ವರಿಯಲ್ಲಿರುವ ಷಡ್ಡಕನ ಮನೆಗೆ ಹೋಗಿ ಕೂಡುತ್ತಿದ್ದೆ. ಅವನ ಮನೆಯ ಅಡಿಗೆ ಚೆನ್ನಾಗಿರುವುದಿಲ್ಲ. ಆದರೂ ಹೋಗುತ್ತಿದ್ದೆ.

ಕೆಲಸದಲ್ಲಿ ಒಂದು ಸ್ಲೇಟು ಇತ್ತು. ಬಾಯ್ಲರಿನ ಪಕ್ಕದ ಮೊಳೆಗೆ ತೂಗುಹಾಕಿದ್ದು. ಉಗಿ ಎಷ್ಟು, ನೀರು ಎಷ್ಟು ಎಂದು ಅದರಲ್ಲಿ ಬರೆದಿಡುತ್ತಿದ್ದೆವು. ರಾತ್ರಿ ಕೆಲಸ ಮುಗಿದಾಗ ನಿಂಗಣ್ಣ ಕೆಂಡದ ಮೇಲೆ ಬೂದಿ ಹೊದಿಸಿ ಹೋಗುತ್ತಿದ್ದ. ಬೆಳಿಗ್ಗೆ ನಾನು ಬೂದಿ ಸರಿಸಿ ಅದೇ ಕೆಂಡದಿಂದ ಮತ್ತೆ ಎಬ್ಬಿಸಬೇಕು. ಅಂಕಿಗಳ ಕೆಳಗೆ ಅವನು ದಿನಾ ಒಂದು ಸಾಲು ಬರೆಯುತ್ತಿದ್ದ: "ಬೆಂಕಿ ಐತಿ." ನೋಡಿದೊಡನೆ ನನ್ನ ಮೈ ಉರಿಯುತ್ತಿತ್ತು. ನೀನು ಆರಿಸಿದೆ, ನಾನು ಆರಿಸುವವನಲ್ಲ ಎಂದು ದಿನಾ ಚುಚ್ಚುತ್ತಾನಲ್ಲ ಮಗ. ಅಂಗೈಯಿಂದ ಒರೆಸಿಬಿಡುತ್ತಿದ್ದೆ.

ಹೀಗಿರುವಾಗ ಎಪ್ಪತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಕಾರಖಾನೆಯವರು ಎಣ್ಣೆಯ ಬಾಯ್ಲರ್ ತರಿಸುತ್ತೇವೆಂದರು. ಗುಂಡಿ ಒತ್ತಿದರೆ ಹತ್ತುತ್ತದಂತೆ, ಒಬ್ಬನೇ ಸಾಕಂತೆ. ನಿಂಗಣ್ಣನ ಒಂದು ಕಣ್ಣು ಬೆಂಕಿ ನೋಡಿ ನೋಡಿ ಹೋಗಿತ್ತು. ಅವನು, ಕೆಲಸ ನಾನೇ ಬಿಡುತ್ತೇನೆ ಎಂದುಬಿಟ್ಟ.

"ಶಿವರಾತ್ರಿ ಮುಂದ ಊರಿಗಿ ಹೊಂಟಾರ," ಅಂದಳು ಮಲ್ಲಕ್ಕ, ರೊಟ್ಟಿ ಬಡಿಯುತ್ತ. "ಮತ್ತ ಬರಾಂಗಿಲ್ಲ."

"ಹೋಗಲಿ."

"ಒಂದು ಮಾತರೆ ಆಡ್ರಿ."

"ಹೊರಗ ಸೂರ್ಯ ಅದಾನೇನು ನೋಡು."

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಹೋಗಿ ನೋಡಿದಳು. "ಅದಾನ," ಅಂದಳು. ಬಂದು ಮತ್ತೆ ರೊಟ್ಟಿ ಬಡಿದಳು. ಆ ರೊಟ್ಟಿ ಬಡಿದ ಸದ್ದು ಮೂರನೆಯ ಖೋಲಿಗೆ ಕೇಳಿಸಿತು.

ಇಷ್ಟರಲ್ಲಿ ನಮ್ಮ ಕನ್ನಡ ಸಂಘದ ಸತ್ಯಮೂರ್ತಿಯವರು ಜನರನ್ನು ವರ್ಳಿಯ ಹೊಸ ತಾರಾಲಯಕ್ಕೆ ಕರೆದುಕೊಂಡು ಹೋದರು. ಇವರು ಮೈಸೂರಿನವರು, ವಿಮಾ ಕಚೇರಿಯಲ್ಲಿ ಗುಮಾಸ್ತರು. ಜಗತ್ತಿನಲ್ಲಿ ತಪ್ಪು ಉಚ್ಚಾರ ಒಂದು ನಿಂತರೆ ಉಳಿದದ್ದೆಲ್ಲ ಸರಿಹೋಗುತ್ತದೆಂದು ನಂಬಿದವರು. ನಾನು ಮುಂದಿನ ಸಾಲಿನಲ್ಲಿ ಕುಳಿತೆ. ನಿಂಗಣ್ಣ ಹಿಂದಿನ ಸಾಲಿನಲ್ಲಿದ್ದ. ನೋಡಲಿಲ್ಲ, ಆದರೆ ಅವನ ಕೆಮ್ಮು ನನಗೆ ಗೊತ್ತು.

ದೀಪ ಆರಿತು. ಗುಮ್ಮಟದ ತುಂಬ ನಕ್ಷತ್ರ. ಕತ್ತಲೆಯಲ್ಲಿ ಒಬ್ಬರು ಹಿಂದಿಯಲ್ಲಿ ಹೇಳುತ್ತ ಹೋದರು. ನಕ್ಷತ್ರಗಳೂ ಹುಟ್ಟುತ್ತವೆ, ಮುದಿಯಾಗುತ್ತವೆ, ಸಾಯುತ್ತವೆ. ನಮ್ಮ ಸೂರ್ಯನೂ ಅಷ್ಟೇ. ಅವನ ಹೊಟ್ಟೆಯಲ್ಲಿರುವ ಇಂಧನ ಒಂದು ದಿನ ಮುಗಿಯುತ್ತದೆ.

ಯಾವಾಗ ಸಾಯುತ್ತಾನೆಂದು ಕೇಳಲು ನಾನು ಎದ್ದು ನಿಂತೆ. "ಸಾಬ್, ಕಬ್ ಮರೇಗಾ?"

ಅವರು ಬಹಳ ಮರ್ಯಾದೆಯಿಂದ, ಇನ್ನು ಸುಮಾರು ಐನೂರು ಕೋಟಿ ವರ್ಷ ಅಂದರು.

"ಕುಛ್ ಕಮ್ ನಹೀಂ ಹೋಗಾ?" ಸ್ವಲ್ಪ ಕಡಿಮೆಯಾಗುವುದಿಲ್ಲವೇ ಅಂದೆ.

ಗುಮ್ಮಟವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬ ಮಾತ್ರ ನಗಲಿಲ್ಲ. ಕೆಮ್ಮಿದ.

ಲೋಕಲ್ಲಿನಲ್ಲಿ ಮರಳುವಾಗ ಎಲ್ಲರೂ ನನ್ನನ್ನೇ ಕೇಳತೊಡಗಿದರು: ಸೂರ್ಯ ಸಾಯುವ ದಿನ ನಿನಗೇಕೆ? ನಿಂಗಣ್ಣನ ಕೂಡ ಮಾತಾಡಬೇಕಾಗಿದೆ ಎಂದು ಹೇಳಲಾದೀತೆ? "ನಾ ಆ ವಿಷಯದಾಗ ಅಭ್ಯಾಸ ಮಾಡಾಕತ್ತೀನಿ," ಅಂದುಬಿಟ್ಟೆ. ಮುಲ್ಕಿ ಪರೀಕ್ಷೆಗೆ ಕೂಡದವನು ಆಡಬಾರದ ಮಾತು ಅದು. ಫಲ ಉಂಡೆ.

ಮರುದಿನ ನಳದ ಸಾಲಿನಲ್ಲಿ ಅದು ಐನೂರು ಕೋಟಿ ವರ್ಷವಾಗಿಯೇ ಇತ್ತು. ರೇಶನ್ ಅಂಗಡಿಯ ಸಾಲು ಮುಟ್ಟುವಾಗ ಕೋಟಿ ಉದುರಿತ್ತು. ಸ್ಟೇಶನ್ನಿನ ಚಹದ ಅಂಗಡಿಯಲ್ಲಿ ಐದು ವರ್ಷ ಉಳಿದಿತ್ತು. ಅಣವೀರಪ್ಪ ಅಭ್ಯಾಸ ಮಾಡಿ ಕಂಡುಹಿಡಿದಿದ್ದಾನೆ ಎಂಬುದೊಂದೇ ಎಲ್ಲ ಕಡೆಯೂ ಬದಲಾಗದೆ ಉಳಿದ ಭಾಗ.

ಮೊದಲು ಬಂದವಳು ಗುರುಬಾಯಿ, ಮೂಲೆಯ ಖೋಲಿಯವಳು, ಹಪ್ಪಳ ಸಂಡಿಗೆ ಮಾಡಿ ಮಾರುವವಳು. "ಅಣವೀರಪ್ಪಣ್ಣ, ಬ್ಯಾಸಗಿ ಮುಗಿಯೂತನಕರೆ ಇರತಾನಿಲ್ಲೋ? ಹತ್ತು ಕಿಲೋ ಅಕ್ಕಿ ನೆನಿ ಹಾಕೀನಿ."

"ಇರತಾನ ಹೋಗಬೇ."

"ನಿನ್ನ ಮಾತಿನ ಮ್ಯಾಲ ರುಬ್ಬತೀನಿ ನೋಡು. ನಾಳಿ ಹೆಚ್ಚುಕಮ್ಮಿ ಆದರ ಹಿಟ್ಟು ನಿನ್ನ ಬಾಗಿಲಿಗೆ ತಂದು ಸುರುವತೀನಿ."

ಆಮೇಲೆ ಚಾಳಿನ ಮಾಲಕನ ಮನುಷ್ಯ ಬಂದ. ಎರಡು ವರ್ಷದಿಂದ ಸೋರುವ ಹಂಚಿನ ವಿಷಯ ಎತ್ತಿದರೆ, "ಹೇಗಿದ್ದರೂ ಎಲ್ಲ ಹೋಗುವುದೇ ಅಂತೆ, ಈಗ ಯಾಕೆ ಖರ್ಚು," ಎಂದು ಮರಾಠಿಯಲ್ಲಿ ವೇದಾಂತ ಹೇಳಿದ. ಮೂರನೆಯ ದಿನ ಹವಾಲದಾರ ಬಂದ. ಕೈಯಲ್ಲಿ ವಹಿ.

"ತುಮ್ ಬೋಲಾ, ಸೂರ್ಯ ಬಂದ್ ಹೋಗಾ?"

"ಬೋಲಾ."

"ಕಬ್?"

"ಪಾಂಚ್ ಸೌ ಕರೋಡ್ ಸಾಲ್ ಬಾದ್."

ಅವನು ನಿಧಾನವಾಗಿ ಸೊನ್ನೆಗಳನ್ನು ಬರೆದುಕೊಂಡ. ಒಂದು ಸಾಲಿನಲ್ಲಿ ಹಿಡಿಯಲಿಲ್ಲ. ವಹಿ ಮುಚ್ಚಿ, "ತಬ್ ತಕ್ ಶಾಂತಿ ರಖೋ," ಅಲ್ಲಿಯ ತನಕ ಶಾಂತಿಯಿಂದಿರು, ಎಂದು ಹೇಳಿ ಹೋದ. ಸರಕಾರಿ ಮನುಷ್ಯರಲ್ಲಿ ಇಷ್ಟು ಒಳ್ಳೆಯ ಮಾತು ಆಡಿದವನನ್ನು ನಾನು ಬೇರೆ ಕಂಡಿಲ್ಲ.

ಆದರೆ ಸತ್ಯಮೂರ್ತಿಯವರು ಬಿಡಲಿಲ್ಲ. "ಅಣವೀರಪ್ಪನವರೇ, ಜನ ಗಾಬರಿಯಾಗಿದಾರೆ. ಈ ಭಾನುವಾರ ನಾಲ್ಕು ಗಂಟೆಗೆ ಚಾಳಿನ ಅಂಗಳದಲ್ಲಿ ನಿಮ್ಮ ಭಾಷಣ. ವಿಷಯ, ಸೂರ್ಯನ ಮುಪ್ಪು ಮತ್ತು ಮರಣ. ಹಾಗೇ ನಿಂಗಣ್ಣನವರಿಗೆ ಸಂಘದಿಂದ ಒಂದು ಹಾರ. ಸೋಮವಾರ ಹೊರಡ್ತಾರಲ್ಲ ಅವರು."

"ನೀವಽ ಮಾತಾಡ್ರಿ. ನನಗ ಬರೂದಿಲ್ಲ."

"ನಾನು ಅಧ್ಯಕ್ಷ. ಅಧ್ಯಕ್ಷ ಕೊನೆಗೆ ಮಾತಾಡ್ತಾನೆ."

ನಾಲ್ಕು ಸಂಜೆ ಅವರ ಖೋಲಿಯಲ್ಲಿ ಕುಳಿತು ಕಲಿತೆ. ಅವರು ಇಂಗ್ಲಿಷ್ ಪುಸ್ತಕ ನೋಡಿ ಹೇಳುವರು, ನಾನು ಅದನ್ನು ಬಾಯ್ಲರಿಗೆ ಹೊಂದಿಸಿಕೊಳ್ಳುವೆ. ಹೊಂದುತ್ತಿತ್ತು ಎಂಬುದೇ ನನಗೆ ಆಶ್ಚರ್ಯ. ಮಾಸ್ತರರು ಅಂದು ಹೀಗೆ ಹೇಳಿದ್ದರೆ ನಾನು ಅವರ ಜೊತೆ ಜಗಳ ಮಾಡುತ್ತಿರಲಿಲ್ಲ.

ಭಾನುವಾರ ಅಂಗಳ ತುಂಬಿತ್ತು. ಹಾರ ಹಾಕಿಸಿಕೊಂಡ ನಿಂಗಣ್ಣ ಎರಡನೆಯ ಸಾಲಿನಲ್ಲಿ ಕುಳಿತಿದ್ದ. ಕೊನೆಗೆ ಮಾತಾಡಬೇಕಾದ ಸತ್ಯಮೂರ್ತಿಯವರು ಮೊದಲೇ ಅರ್ಧ ತಾಸು ಮಾತಾಡಿದರು. ಆಮೇಲೆ ನಾನು ಎದ್ದೆ.

"ಸೂರ್ಯ ಅಂದರ ಒಂದು ಒಲಿ," ಅಂದೆ. "ಅದರ ಇದ್ದಲಿ ಅದರ ಹೊಟ್ಟಿಯೊಳಗಽ ಐತಿ. ಹೊರಗಿಂದ ಹಾಕೋರು ಯಾರೂ ಇಲ್ಲ. ಮ್ಯಾಲಿನ ಭಾರ ಒಳಗ ಒತ್ತತೈತಿ, ಒಳಗಿನ ಬೆಂಕಿ ಹೊರಗ ನೂಕತೈತಿ. ಎರಡೂ ಸರಿಸಮ ಇರೂ ತನಕ ಒಲಿ ನಿಂತಿರತೈತಿ. ನಾನೂರಾ ಅರವತ್ತು ಕೋಟಿ ವರ್ಷ ಹಿಂಗಽ ನಿಂತಾನ. ಅರ್ಧಾ ಆಯುಷ್ಯ ಆಗೈತಿ. ನನ್ನಂಗ ನಡು ವಯಸ್ಸಿನವ."

ಜನ ಸುಮ್ಮನೆ ಕೇಳುತ್ತಿದ್ದರು. ನನಗೆ ಧೈರ್ಯ ಬಂತು. ನಡುವಿನ ಇಂಧನ ಮುಗಿದ ಮೇಲೆ ಸೂರ್ಯ ಕೆಂಪಗಾಗಿ ಉಬ್ಬುತ್ತಾನೆ, ಹತ್ತಿರದ ಗ್ರಹಗಳನ್ನು ನುಂಗುತ್ತಾನೆ, ನಮ್ಮ ಭೂಮಿಯನ್ನೂ ನುಂಗಬಹುದು ಎಂದೆ. ಗುರುಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಎರಡನೆಯ ಸಾಲಿನಲ್ಲಿ ನಿಂಗಣ್ಣ ಎದ್ದು ನಿಂತ.

"ಅಧ್ಯಕ್ಷರ, ಮಾತಾಡೋರಿಗೆ ಒಂದು ಕೇಳ್ರಿ. ಇದ್ದಲಿ ಮುಗದ ಮ್ಯಾಲ ಒಲಿ ಸಣ್ಣದಾಗಬೇಕು. ಉಬ್ಬೂದು ಹೆಂಗ?"

ಸತ್ಯಮೂರ್ತಿಯವರು ನನ್ನ ಕಡೆ ತಿರುಗಿದರು. "ಭಾಷಣಕಾರರೇ, ಇಂಧನ ಮುಗಿದ ಮೇಲೆ..."

"ಕೇಳಿಸೇತಿ. ಅಧ್ಯಕ್ಷರ, ಕೇಳೋರಿಗೆ ಹೇಳ್ರಿ. ಇಪ್ಪತ್ತು ವರ್ಷ ಸಲಿಕಿ ಹಿಡದೋರಿಗೆ ಇಷ್ಟರೆ ತಿಳೀಬೇಕು. ನಡುವ ಬೂದಿ ಕುಂತರ ಬೆಂಕಿ ಎಲ್ಲಿ ಹೋಗತೈತಿ?"

"ಅಂಚಿನ ಇದ್ದಲಿಗೆ ಹತ್ತತೈತಿ," ಅಂದ ನಿಂಗಣ್ಣ, ನೇರವಾಗಿ ನನಗೆ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಅಂತ ಹೇಳ್ರಿ ಅಧ್ಯಕ್ಷರ," ಅಂದ.

"ಅಲ್ಲೂ ಹಂಗಽ. ನಡುವಿನ ಬೂದಿ ಕುಗ್ಗಿ ಕುಗ್ಗಿ ಮತ್ತೂ ಕಾಯತೈತಿ. ಸುತ್ತಲಿಂದು ಹತ್ತಿ ಉರೀತೈತಿ. ಆ ಝಳಕ್ಕ ಮ್ಯಾಲಿಂದು ಉಬ್ಬತೈತಿ. ಕಡೀಕ ಹೊಗಿ ಹಾರಿದಂಗ ಹೊರಗಿಂದೆಲ್ಲಾ ಹಾರಿ ಹೋಗತೈತಿ."

"ಆಮ್ಯಾಲ ಏನ್ ಉಳೀತೈತಿ, ಕೇಳ್ರಿ ಅಧ್ಯಕ್ಷರ."

"ಒಂದು ಸಣ್ಣ ಬಿಳಿ ಕೆಂಡ. ಈ ಭೂಮಿಯಷ್ಟು. ಅದರಾಗ ಮತ್ತೇನೂ ಉರಿಯೂದಿಲ್ಲ. ಆದರೂ ಒಳಗಿನ ಕಾವು ಸಾವಿರಾರು ಕೋಟಿ ವರ್ಷ ಇರತೈತಿ."

"ಯಾರ ಸಲುವಾಗಿ?"

ಇದು ಪುಸ್ತಕದಲ್ಲಿ ಇರಲಿಲ್ಲ. ನಾನು ಅಧ್ಯಕ್ಷರನ್ನು ನೋಡಿದೆ. ಅಧ್ಯಕ್ಷರು ಪುಸ್ತಕ ನೋಡಿದರು. ನಿಂಗಣ್ಣ ಹಾರ ತೆಗೆದು ಹೆಂಡತಿಯ ಮಡಿಲಲ್ಲಿ ಹಾಕಿದ.

"ಕಡೀ ಪ್ರಶ್ನಿ," ಅಂದ. "ಅವನ ಬೆಳಕು ನಮ್ಮ ತನಕ ಬರಾಕ ಎಂಟು ಮಿನಿಟು ಬೇಕು ಅಂತ ತಾರಾಲಯದಾಗ ಹೇಳಿದರು. ಹಂಗಾದರ ಅಗೋ, ಅಲ್ಲಿ ಕಾಣೂದು ಎಂಟು ಮಿನಿಟಿನ ಹಿಂದಿನ ಸೂರ್ಯ. ಈಗ, ಈ ಗಳಿಗಿಗೆ, ಅವ ಅದಾನಂತ ಯಾರರೆ ಹೇಳತೀರೇನು?"

ಇಡೀ ಚಾಳು ಪಶ್ಚಿಮಕ್ಕೆ ತಿರುಗಿತು. ಕಾರಖಾನೆಯ ಚಿಮಣಿಯ ಪಕ್ಕದಲ್ಲಿ ಸೂರ್ಯ ಹಳದಿಯಾಗಿ ಕುಳಿತಿದ್ದ.

"ಶಾಸ್ತ್ರೀಯವಾಗಿ ಹೇಳೋದಾದ್ರೆ," ಸತ್ಯಮೂರ್ತಿಯವರು ಕನ್ನಡಕ ತೆಗೆದು ಒರೆಸಿದರು, "ಈಗಲೇ ಹೇಳಕ್ಕಾಗಲ್ಲ. ಎಂಟು ನಿಮಿಷ ಕಾಯಬೇಕು."

ನಿಂಗಣ್ಣ ಬೆಂಚು ದಾಟಿ ನನ್ನ ಮುಂದೆ ಬಂದು ನಿಂತ. ಅವನ ಎಡಗಣ್ಣು ಹಾಲಿನಂತಾಗಿತ್ತು. ಐದು ಹೆಜ್ಜೆಯಾಚೆ ಇದ್ದವನು. ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

"ಎಂಟು ಮಿನಿಟು ಐತಿ," ಅಂದ. ಅಧ್ಯಕ್ಷರಿಗಲ್ಲ, ನನಗೆ.

ನಾನು ಅಧ್ಯಕ್ಷರಿಗೆ ಹೇಳಿದೆ: "ಗಡಿಯಾರ ನೋಡ್ರಿ."

ಹನ್ನೊಂದು ವರ್ಷದ ಮಾತು ಎಲ್ಲಿಂದ ಶುರುಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ನನ್ನ ಚಪ್ಪಲಿ ನೋಡಿದ. ನಾನು ಅವನ ಟೊಪ್ಪಿಗೆ ನೋಡಿದೆ.

"ಎರಡು ನಿಮಿಷ ಹೋಯ್ತು," ಎಂದರು ಸತ್ಯಮೂರ್ತಿ.

"ಲಗೂ ಮಾತಾಡ್ರಿ, ಬಾಯಾಗ ಏನ್ ಇಟಗೊಂಡೀರಿ," ಎಂದು ಶರಣವ್ವ ಹಿಂದಿನಿಂದ ಗದರಿದಳು.

"ಕಣ್ಣು ಹೆಂಗೈತಿ?" ಅಂದೆ.

"ಒಂದು ಹೋತು. ನಿನ್ನ ಮಾರಿ ನೋಡಾಕ ಇನ್ನೊಂದು ಸಾಕು." ಆಮೇಲೆ ಅವನೇ ಅಂದ: "ಅವತ್ತ ಸಾಹೇಬನ ಮುಂದ ನಾ ಏನಂದೆ, ಗೊತ್ತೈತೇನು ನಿನಗ?"

"ಬೆಂಕಿ ಆರಿಸ್ಯಾನ ಅಂದಿ."

"ಬೆಂಕಿ ಐತಿ ಅಂದೆ."

ಅವನು ಮುಂದುವರಿಸಿದ.

"ಆರೈತಿ ಆರೈತಿ ಅಂತ ಸಾಹೇಬ ಕುಣ್ಯಾಕತ್ತಿದ್ದ. ನಾ ಬಾಗಿಲಾ ತಗದು ಬೂದಿ ಕೆದರಿ ತೋರಿಸಿದೆ. ಒಳಗ ಕೆಂಡ ಇತ್ತು. ಇದ್ದಲಿ ಹಸೀದು, ಅದಕ್ಕ ಉಗಿ ಬಿದ್ದೈತಿ, ಹುಡುಗಂದೇನೂ ತಪ್ಪಿಲ್ಲ, ಬೆಂಕಿ ಐತಿ ಸಾಹೇಬ ಅಂದೆ. ಅವ ನಂಬಲಿಲ್ಲ. ಅದನ್ನ ಹೇಳಾಕ ನಳದ ಮುಂದ ಬಾಯಿ ತಗದೆ. ನೀ ಕೊಡಾ ಕುಕ್ಕಿದಿ."

"ಅದನ್ನಽ ಸ್ಲೇಟಿನ ಮ್ಯಾಲ..."

"ಮಾತಾಡೂ ಹಂಗಿರಲಿಲ್ಲಲ್ಲ. ಬರಿಯೂದಿಲ್ಲ ಅಂತ ಆಣಿ ಮಾಡಿರಲಿಲ್ಲ. ದಿನಾ ಬರದೆ. ನೀ ದಿನಾ ಒರಸಿದಿ."

"ಐದು ನಿಮಿಷ," ಎಂದರು ಸತ್ಯಮೂರ್ತಿ. ಅವರ ಧ್ವನಿ ಸಣ್ಣದಾಗಿತ್ತು.

ನನ್ನಂಥ ಸಿಟ್ಟಿನ ಮನುಷ್ಯನಿಗೆ ಕಷ್ಟವಾದ ಮಾತು ಒಂದೇ. ಅದನ್ನು ಆಡಲು ನನಗೆ ಒಂದು ನಿಮಿಷ ಹಿಡಿಯಿತು. "ಇದ್ದಲಿ ಹಸೀದಿರಲಿಲ್ಲೋ ನಿಂಗ್ಯಾ. ನಾ ಮಲಗಿದ್ನಿ."

"ಗೊತ್ತೈತಿ. ಗೊರಕಿ ಹೊಡಿಯಾಕತ್ತಿದ್ದಿ. ನಿನ್ನ ಆಮ್ಯಾಲ ಎಬ್ಬಸೂಣು, ಮೊದಲ ಬೆಂಕಿ ಎಬ್ಬಸೂಣು ಅಂದಕೊಂಡೆ."

ಮಲ್ಲಕ್ಕ ಸೆರಗಿನಿಂದ ಮೂಗು ಒರೆಸಿದಳು. ಗುರುಬಾಯಿ ಜೋರಾಗಿಯೇ ಅತ್ತಳು, ಅವಳಿಗೆ ಸೂರ್ಯನ ಚಿಂತೆಯೂ ಇತ್ತು. ಸತ್ಯಮೂರ್ತಿಯವರು ಕೈ ಎತ್ತಿದರು.

"ಎಂಟು ನಿಮಿಷ ಮುಗೀತು."

ಎಲ್ಲರೂ ಮತ್ತೆ ಪಶ್ಚಿಮಕ್ಕೆ ನೋಡಿದೆವು. ಸೂರ್ಯ ಚಿಮಣಿಯ ಪಕ್ಕದಿಂದ ಕೊಂಚ ಕೆಳಗೆ ಸರಿದಿದ್ದ. ಇದ್ದ.

"ಹಾಗಾದ್ರೆ ಒಂದು ವಿಷಯ ಸಿದ್ಧವಾಯ್ತು," ಸತ್ಯಮೂರ್ತಿಯವರು ಗಂಭೀರವಾಗಿ ಹೇಳಿದರು. "ಈಗ ಕಾಣ್ತಿರೋದು ಎಂಟು ನಿಮಿಷದ ಹಿಂದಿನ ಸೂರ್ಯ. ಅಂದ್ರೆ ನೀವು ಮಾತು ಶುರುಮಾಡಿದಾಗ ಸೂರ್ಯ ಇದ್ದ. ಅಂದ್ರೆ ಆಣೆ ಆಗಲೇ ಮುರಿದುಹೋಗಿದೆ."

ನಾನು ಅವರ ಕಡೆ ಎರಡು ಹೆಜ್ಜೆ ಇಟ್ಟೆ. ನಿಂಗಣ್ಣ ನನ್ನ ತೋಳು ಹಿಡಿದ.

"ಬಿಡಲೇ. ಒಮ್ಮೆ ಮುರದ ಆಣಿ ಮತ್ತ ಮುರಿಯೂದಿಲ್ಲ. ಚಾ ಕುಡಿಯೂಣು ಬಾ."

ಕುಡಿದೆವು. ಆಮೇಲೆ ಏನು ಮಾತಾಡಿದೆವೆಂದು ಕೇಳಬೇಡಿ. ಅರ್ಧದಷ್ಟು ಜಗಳವೇ ಆಡಿದೆವು.

ಸೋಮವಾರ ನಸುಕಿನ ಲೋಕಲ್ಲಿಗೆ ಅವನ ಟ್ರಂಕು ನಾನೇ ಹೊತ್ತೆ. ಹತ್ತಿಸಿ, ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋದೆ. ಏಳಾಗಿತ್ತು. ಶನಿವಾರ ಅವನ ಕೊನೆಯ ಪಾಳಿ. ಭಾನುವಾರದ ರಜೆಗೆಂದು ಬೂದಿಯನ್ನು ದಪ್ಪಗೆ ಹೊದಿಸಿ ಹೋಗಿದ್ದ. ಸ್ಲೇಟಿನಲ್ಲಿ ಅಂಕಿಗಳಿದ್ದವು. ಕೆಳಗೆ ಅದೇ ಸಾಲು.

ಬಾಗಿಲು ತೆರೆದು ಸಲಿಕೆಯಿಂದ ಬೂದಿ ಸರಿಸಿದೆ. ಒಳಗೆ, ಆಳದಲ್ಲಿ, ಕೆಂಪಗೆ ಇತ್ತು.

ಅಂದು ಸ್ಲೇಟು ಒರೆಸಲಿಲ್ಲ. ನನ್ನ ಅಂಕಿಗಳನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದೆ. ಸುಪರವೈಜರ್ ಬಂದ. ಅದೇ ಸುಪರವೈಜರ್, ಈಗ ತಲೆ ಬೆಳ್ಳಗಾಗಿದೆ. ಗೋಡೆ ಯಾಕೆ ಕೆಡಿಸಿದೆ ಅಂದ. ಸ್ಲೇಟು ತೋರಿಸಿದೆ. ಅವನಿಗೆ ಕನ್ನಡ ಬಾರದು. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ದಿನಾ ಇದೇ ಇರುತ್ತದೆ, ಏನು ಬರೆದದ್ದು ಇದು ಅಂದ.

ಓದಿ ಹೇಳಿದೆ. ಅರ್ಥ ಹೇಳು ಅಂದ.

"ಸಾಹೇಬ, ನನಗಽ ತಿಳಿಯಾಕ ಹನ್ನೊಂದು ವರ್ಷ ಹಿಡೀತು," ಎಂದು ಕನ್ನಡದಲ್ಲೇ ಹೇಳಿ, ಅವನನ್ನು ಪಕ್ಕಕ್ಕೆ ಸರಿಸಿ, ಕೆಂಡದ ಮೇಲೆ ಒಂದು ಸಲಿಕೆ ಹೊಸ ಇದ್ದಲು ಹಾಕಿದೆ.